ಎದುರುಮನೆ ಮಾಮನ ಕೈ

ಎದುರುಮನೆ ಮಾಮನ ಎರಡೂ ಕೈಗಳ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಬಲಗೈಯ ಕೊನೆಯ ಎರಡು ಬೆರಳು ಅಂಟಿಕೊಂಡೇ ಇದ್ದವು. ಅವರು ಅಗ್ನಿಶಾಮಕ ದಳದವರು. ಊರಂಚಿನ ಮಣಲಿಯ ಗೋದಾಮೊಂದರ ಬೆಂಕಿಗೆ ನುಗ್ಗುವ ಮುನ್ನ, ತಂಪಾಗಿರಲಿ ಎಂದು ಗ್ಲೌಸುಗಳನ್ನು ನೀರಿನಲ್ಲಿ ಅದ್ದಿಕೊಂಡಿದ್ದರಂತೆ. ಹಳಬರು ಹಾಗೇ ಮಾಡುತ್ತಿದ್ದರಂತೆ. ಒಳಗಿನ ಝಳಕ್ಕೆ ಆ ನೀರೇ ಹಬೆಯಾಗಿ ಕೈಗಳನ್ನು ಬೇಯಿಸಿಬಿಟ್ಟಿತು.

"ಇಡ್ಲಿ ಥರ ಬೆಂದೆ ಕಣಮ್ಮಾ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಅಷ್ಟಾದರೂ ಕೆಲವೇ ತಿಂಗಳಲ್ಲಿ ಮತ್ತೆ ಫೈರ್ ಗಾಡಿ ಹತ್ತಿದರು. ಆಫೀಸಿನಲ್ಲಿ ಕೂತುಕೊಳ್ಳಿ ಎಂದವರ ಮೇಲೆ ಹರಿಹಾಯುತ್ತಿದ್ದರು. ರಜೆಯ ದಿನ ಕ್ರೋಂಪೇಟೆಯ ನಮ್ಮ ಫ್ಲಾಟುಗಳಲ್ಲಿ ಮನೆಮನೆಗೆ ಹೋಗಿ ಗ್ಯಾಸ್ ಟ್ಯೂಬು ನೋಡುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡುವುದು. "ಹೊಗೆ ಬಂದ್ರೆ ಮೊದ್ಲು ಕೈಯ ಹಿಂಭಾಗದಿಂದ ಬಾಗ್ಲು ಮುಟ್ಟಿ ನೋಡ್ಬೇಕು. ಸುಟ್ರೆ ತೆಗೀಬಾರ್ದು, ಆಚೆ ಬೆಂಕಿ ಇದೆ ಅಂತ ಅರ್ಥ." ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಗೊಣಗಿದ್ದುಂಟು.

ಸೊಂಟದ ಮೂಳೆ ಮುರಿದು ಅಮ್ಮ ಮಲಗಿದ್ದ ದಿನಗಳವು. ಒಂದು ಬೆಳಿಗ್ಗೆ ಮಾಮ, ಮಾಮಿ ಇಬ್ಬರೂ ಅವಳನ್ನು ಮಾತಾಡಿಸಲು ಬಂದಿದ್ದರು. ಹೊರಗೆ ಢಬ್ ಎಂದು ಸದ್ದಾಯಿತು. ನೋಡುತ್ತಿದ್ದಂತೆ ಬಾಗಿಲ ಸಂದಿಯಿಂದ ಕಪ್ಪು ಹೊಗೆ ಒಳಗೆ ಬಂತು. ಅಮ್ಮನನ್ನು ವೀಲ್‌ಚೇರಿಗೆ ಎಳೆದು ಕೂರಿಸಿ ನಾನು ಚಿಲಕಕ್ಕೆ ಕೈ ಹಾಕಿದೆ.

"ನಿಲ್ಲು."

ಮಾಮ ಬಾಗಿಲಿಗೆ ಕೈಯ ಹಿಂಭಾಗ ಒತ್ತಿದರು. ಸ್ವಲ್ಪ ಮೇಲೆ ಒತ್ತಿದರು. ಮತ್ತೆ ಕೆಳಗೆ. ಅಮ್ಮ ಕೆಮ್ಮತೊಡಗಿದಳು.

"ಮಾಮಾ, ತೆಗೀಲಾ?"

ಅವರು ಇನ್ನೊಂದು ಕೈಯನ್ನೂ ಒತ್ತಿ ನೋಡಿದರು. ಮುಖ ಬೆವೆತಿತ್ತು.

"ನಂಗೆ ಗೊತ್ತಾಗ್ತಿಲ್ಲಮ್ಮಾ" ಎಂದರು, ಮೆಲ್ಲಗೆ. "ಈ ಕೈಗೆ ಬಿಸಿ, ತಣ್ಣಗೆ ಒಣ್ಣುಮೇ ತೆರಿಯಲ್ಲ, ಏನೂ ತಿಳಿಯಲ್ಲ. ನೀನು ಮುಟ್ಟು."

ಮಾಮಿ ತಿರುಗಿ ಗಂಡನ ಮುಖ ನೋಡಿದರು. "ಯಾವಾಗಿಂದ?" ಎಂದರು. ಮಾಮ ತಲೆ ತಗ್ಗಿಸಿದರು.

ನಾನು ಮುಟ್ಟಿದೆ. ಚುರ್ ಎಂದಿತು. "ಸುಡ್ತಾ ಇದೆ ಮಾಮಾ."

"ಹಾಗಾದ್ರೆ ತೆಗೀಬೇಡ." ಅವರ ಎಂದಿನ ದನಿ ಮರಳಿ ಬಂತು. ಸಂದಿಗೆ ಒದ್ದೆ ಬೆಡ್‌ಶೀಟು ತುರುಕಿಸಿದರು, ಎಲ್ಲರನ್ನೂ ಬಾಲ್ಕನಿಗೆ ಸೇರಿಸಿದರು, ಸ್ಟೇಷನ್ನಿಗೆ ಫೋನು ಮಾಡಿಸಿದರು. ಅವರ ಜೊತೆಯವರೇ ಏಣಿ ಹಾಕಿ ನಮ್ಮನ್ನು ಇಳಿಸಿದರು. ಹೊರಗೆ ನಮ್ಮ ಬಾಗಿಲಿಗೆ ತಾಗಿದಂತಿದ್ದ ಮೀಟರ್ ಬೋರ್ಡು ಸುಟ್ಟು ಕರಕಲಾಗಿತ್ತು. ಬಾಗಿಲು ತೆಗೆದಿದ್ದರೆ ಉರಿ ನೇರ ಅಮ್ಮನ ಮುಖಕ್ಕೇ ಬರುತ್ತಿತ್ತು.

ಮರುದಿನ ಮಾಮ ತಾವಾಗಿಯೇ ಮೇಲಧಿಕಾರಿಯ ಮುಂದೆ ನಿಂತು ನಿಜ ಹೇಳಿಬಂದರು. ಅಲ್ಲಿಯವರೆಗೆ ಇಲಾಖೆಯ ಡಾಕ್ಟರು ಪರೀಕ್ಷೆಗೆಂದು ಕೈಗೆ ಸೂಜಿ ಚುಚ್ಚಿದಾಗ, ಡಾಕ್ಟರ ಮುಖ ನೋಡಿ ಅಂದಾಜು ಮಾಡಿ "ಹಾ, ನೋವಾಗುತ್ತೆ" ಎಂದು ದಾಟಿಸಿದ್ದರಂತೆ. ಇಲಾಖೆಯವರು ಅವರನ್ನು ಗಾಡಿಯಿಂದ ಇಳಿಸಿ ಸ್ಟೇಷನ್ನಿನ ಫೋನಿನ ಮುಂದೆ ಕೂರಿಸಿದರು. ಆ ಕುರ್ಚಿಯಲ್ಲಿ ಅವರು ಬಡವಾದರು.

"ನಾನಂತೂ ಯಾರಿಗೂ ಬಾಯಿ ಬಿಡ್ತಿರ್ಲಿಲ್ಲ. ಯಾಕೆ ಹೋಗಿ ಹೇಳಿದ್ರಿ?" ಎಂದು ಒಮ್ಮೆ ಜಗಳವಾಡಿದೆ.

"ಅವತ್ತು ಮುಟ್ಟಿ ನೋಡೋಕೆ ನೀನಿದ್ದೆ. ಡ್ಯೂಟೀಲಿ ಬಾಗ್ಲು ಮುಟ್ಟಿ ಹೇಳೋನು ನಾನೇ. ನನ್ನ ಮಾತು ನಂಬಿ ಹಿಂದೆ ನಾಲ್ಕು ಜನ ನಿಂತಿರ್ತಾರೆ."

ಹೋದ ವರ್ಷ ಮಾಮ ತೀರಿಕೊಂಡರು. ಅಮ್ಮ ಈಗ ಕೋಲೂರಿ ನಡೆಯುತ್ತಾಳೆ, ಕಾಫಿ ತಡವಾದರೆ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಎದುರು ಮಾತಾಡದೆ ಬೈಸಿಕೊಳ್ಳುತ್ತೇನೆ. ಆ ಬೈಗುಳ ಮಾಮ ಉಳಿಸಿಕೊಟ್ಟದ್ದು.