ಎಲಿಚೀಲದಾಗಿನ ಚಿಗರಿ ನೋಟು

ಇವತ್ತು ಮುಂಜಾನೆ ಅವ್ವ ತನ್ನ ಎಲಿಚೀಲ ಝಾಡಿಸಿದ್ಲು. ಅಡಕಿ, ಲವಂಗದ ಜೋಡಿ ನೇಪಾಳದ ಹತ್ತು ರೂಪಾಯಿ ನೋಟಿನ ಒಂದು ಸುರುಳಿನೂ ಕೆಳಗ ಬಿತ್ತು. ಎತ್ತಿ ಮೂಗಿಗೆ ಹಿಡದೆ. ಘಮ್ ಅಂತ ಲವಂಗದ ವಾಸನಿ. ಈ ನೋಟಿನ ಮುಂದ ನನ್ನ ಶಾಣ್ಯಾತನ ಎಷ್ಟು ಸಣ್ಣದಾತು ಅನ್ನೋದನ್ನ ನಿಮಗ ಹೇಳಲೇಬೇಕ್ರಿ.

ಹೋದ ವರ್ಷ ನಾನು, ಅವ್ವ ಲುಂಬಿನಿಗೆ ಹೋಗಿದ್ವಿ. ಬುದ್ಧ ಹುಟ್ಟಿದ ಜಾಗಾ ನೋಡಬೇಕು ಅನ್ನೋದು ಅವ್ವನ ಭಾಳ ದಿನದ ಆಸೆ. ಹತ್ತಿಮತ್ತೂರಾಗ ನಮ್ಮ ಬಾಜೂಮನಿ ಗಂಗವ್ವನೂ ಬರಾಕಿ ಇದ್ಲು, ಆದ್ರ ಆಕಿ ಎಮ್ಮಿ ಇವತ್ತೋ ನಾಳೆಯೋ ಈಯೂದಿತ್ತು. ಗಂಗವ್ವ ಎಮ್ಮಿ ಬಿಟ್ಟು ಹೆಂಗ ಬರ್ತಾಳ್ರಿ? ಮದುವಿಗೆ ಹೋದ್ರೂ ಅಕ್ಕಿಕಾಳು ಹಾಕಿ, ಹಾಲು ಹಿಂಡೂ ಹೊತ್ತಿಗೆ ಓಡಿ ಬರಾಕಿ ಆಕಿ. ನಾವು ಯಲವಿಗಿ ಸ್ಟೇಷನ್ನಿಗೆ ಹೊಂಟಾಗ ಅವ್ವನ ಕೈಯಾಗ ನೂರು ರೂಪಾಯಿ ತುರುಕಿ, "ನನ್ನ ಹೆಸರ್ಲೆ ಅಲ್ಲಿ ಹಾಕಿ ಬಾ ಯಕ್ಕಾ, ಮರೀಬ್ಯಾಡ" ಅಂದ್ಲು. ಗಡಿ ದಾಟಿದ ಮ್ಯಾಲೆ ಅವ್ವ ಅದನ್ನ ನೇಪಾಳದ ನೋಟು ಮಾಡಿಸಿ ಎಲಿಚೀಲದಾಗ ಇಟ್ಕೊಂಡ್ಲು.

ವಾಪಸ್ ಬರೋ ಮುಂದ ಗಡಿಯಾಗ ಉಳಿದ ನೋಟು ಬದಲಿ ಮಾಡಾಕ ನಾನು ಅಂಗಡಿ ಮುಂದ ನಿಂತಿದ್ದೆ. "ಅವ್ವಾ, ನಿನ್ನ ಹಂತೇಕ ಏನರ ಉಳದೈತೇನು?" ಅಂದೆ. ಎಲಿಚೀಲಕ್ಕ ಕೈ ಹಾಕಿದಾಕಿ ಹಂಗಽ ಕುಂತುಬಿಟ್ಲು. ಗಂಗವ್ವನ ಕಾಣಿಕಿ ಹಾಕೋದಽ ಮರ್ತಿತ್ತು!

"ಲುಂಬಿನಿಯಾಗ ಆ ಅರಳಿ ಗಿಡದ ಬುಡಕ ಕಣ್ಣು ಮುಚ್ಚಿ ಕುಂತೆ ನೋಡಪಾ, ನನ್ನ ಹೆಸರಽ ಮರ್ತು ಹೋತು. ಇದೆಲ್ಲಿ ನೆನಪಿರಬೇಕು?"

ನಾನು ಭಾರಿ ಶಾಣ್ಯಾ. "ಇಲ್ಲಿ ಕೊಡು, ಬದಲಿ ಮಾಡಿಸ್ತೇನಿ. ಊರ ಕಡೆ ಯಾವುದರ ಹುಂಡಿಗೆ ಹಾಕಿದ್ರಾತು. ಹಾಕಿ ಬಂದೆ ಅಂತ ಹೇಳು, ಗಂಗವ್ವ ಏನು ನೋಡಾಕ ಬರ್ತಾಳೇನು?"

"ಸುಳ್ಳು ಹೇಳಿ ನಾಳೆ ಆಕಿ ಮನಿ ಮಜ್ಜಗಿ ಹೆಂಗ ಕುಡೀಲೋ?" ಅಂದ್ಲು ಅವ್ವ.

ನಲವತ್ತು ವರ್ಷದ ಗೆಳೆತನ ಅವರದು. ಆಕಿ ಮಾತು ಬಿಟ್ರ ಏನು ಗತಿ ಅಂತ ಅವ್ವ ರೈಲಿನಾಗ ಸರಿಯಾಗಿ ಊಟಾನೂ ಮಾಡಲಿಲ್ಲ. ಊರಿಗೆ ಬಂದಾಕಿ ಕೈಕಾಲು ಸೈತ ತೊಳೀದ ನೆಟ್ಟಗ ಗಂಗವ್ವನ ಮನಿಗೆ ಹೋಗಿ ಎಲ್ಲಾ ಹೇಳಿಬಿಟ್ಲು.

ಗಂಗವ್ವ ನೋಟು ತಿರುವಿ ತಿರುವಿ ನೋಡಿದ್ಲು. ಅದರ ಮ್ಯಾಲೆ ಚಿಗರಿ ಚಿತ್ರ, ಅದಽ ಕೃಷ್ಣಮೃಗದ್ದು. "ಎಲಾ ಇವನ! ನಮ್ಮ ಹೊಲದಾಗ ಜ್ವಾಳ ಮೇಯೂ ಚಿಗರಿ, ಅಲ್ಲಿ ಹೋಗಿ ನೋಟಿನ ಮ್ಯಾಲೆ ನಿಂತೈತಲ್ಲ!" ಅಂತ ನಕ್ಲು. ಆಮ್ಯಾಲೆ ಸಣ್ಣ ದನೀಲೆ ಕೇಳಿದ್ಲು: "ಖರೇನ ಯಕ್ಕಾ, ಅಲ್ಲಿ ಕುಂತ್ರ ಎಲ್ಲಾ ಮರೀತೈತೇನು? ಎಮ್ಮಿ, ಹೊಲ, ಮನಿ, ಎಲ್ಲಾ?"

ಅವ್ವ ಹೂಂ ಅಂದ್ಲು.

"ಹಂಗಾರ ಇವು ನಿನ್ನ ಹಂತೇಕಽ ಇರಲಿ. ನಾನಽ ಬಂದು ಹಾಕ್ತೇನಿ."

ಮತ್ತ ಲುಂಬಿನಿಗೆ ಹೊಂಟೇವಿ, ಇವತ್ತು ಸಂಜಿಗೆ ನಮ್ಮ ರೈಲು. ಎಮ್ಮಿ ಸೊಸಿ ಪಾಲಿಗೆ. ಗಂಗವ್ವ ಹೊಸಾ ಇಳಕಲ್ ಸೀರಿ ಉಟ್ಟು ಮುಂಜಾನಿಂದ ನಮ್ಮ ಕಟ್ಟಿ ಮ್ಯಾಲೆ ಕುಂತಾಳ. ಆವತ್ತು ಬದಲಿ ಮಾಡಿಸಿ ಕೈ ತೊಳ್ಕೋಬೇಕಂದಿದ್ದ ನೋಟು ಈಗ ನನ್ನ ಒಳಕಿಸೆದಾಗ, ಮ್ಯಾಲೆ ಪಿನ್ ಬ್ಯಾರೆ ಹಾಕ್ಕೊಂಡೇನಿ.

"ಈ ಸಲ ಮರ್ಯೂದಿಲ್ಲ ಚಿಗವ್ವಾ, ಅಲ್ಲಿ ನಾ ನೆನಪು ಮಾಡ್ತೇನಿ" ಅಂದೆ.

"ನೀ ಸುಮ್ನಿರೋ ಮಾರಾಯಾ" ಅಂದ್ಲು ಗಂಗವ್ವ. "ಮರ್ತ್ರ ಮತ್ತೊಮ್ಮೆ ಹೋಗೂಣು."