ಎರಡು ಸಲ ಸುಟ್ಟ ಉಮಿ ಬೂದಿ

ಜಂಬವ್ವ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್‌ಗೆ ಭತ್ತದ ಉಮಿ ಎಸೆಯುವವಳು. ಬೆಂಕಿ ಎದುರು ನಿಂತೂ ನಿಂತೂ ಅವಳ ಬಾಯಿಯೂ ಬಿಸಿಯಾಗಿದೆ ಎಂದು ಗಿರಣಿಯವರ ಮಾತು. ಮಾಲೀಕ ಶಂಭುಲಿಂಗ ಕೂಡ ಅವಳೆದುರು ಎರಡು ಮಾತು ಕಮ್ಮಿಯೇ ಆಡುತ್ತಾನೆ. ಆದರೆ ಅವನ ಮಗಳು ಗಂಗಾಂಬಿಕಾ ಎಂದರೆ ಜಂಬವ್ವನಿಗೆ ಜೀವ. ಅವಳನ್ನು ಎತ್ತಿ ಆಡಿಸಿದವಳೇ ಇವಳು.

ಆ ಗಂಗಾಂಬಿಕಾ ಈಗ ಸಂಡೂರಿನ ಕಡೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಉಮಿಯ ಬೂದಿಯಿಂದ ಸಿಲಿಕಾನ್ ತೆಗೆದು ಅಂಗಿ ಗುಂಡಿಯಷ್ಟು ಬಿಲ್ಲೆ ಮಾಡುವುದು ಅವಳ ಕೆಲಸ. ಬಿಲ್ಲೆಯ ಒಂದು ಮೈ ಕಾದು ಇನ್ನೊಂದು ಮೈ ತಣ್ಣಗಿದ್ದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ.

"ಶಾಖ ದಾಟಬಾರ್ದು ಜಂಬವ್ವ, ಕರೆಂಟ್ ದಾಟಬೇಕು," ಎಂದು ಅವಳು ವಿವರಿಸಿದ್ದಳು. "ನಿನ್ನ ಬೂದಿಯೊಳಗ ಕಣ್ಣಿಗೆ ಕಾಣದಂಥ ತೂತು ಅದಾವ. ನ್ಯಾನೋ ಅಂತೀವಿ. ಶಾಖ ಅಲ್ಲಿ ಎಡವಿ ಎಡವಿ ಸುಸ್ತಾಗತೈತಿ."

"ಸೊಳ್ಳೆಪರದೆ ಹಂಗ ಅನ್ನು. ಗಾಳಿ ಬರ್ತೈತಿ, ಸೊಳ್ಳೆ ಬರಂಗಿಲ್ಲ."

ಗಂಗಾಂಬಿಕಾ, ಗಿರಣಿಯ ಹಿತ್ತಲ ಮೂಲೆಯಲ್ಲಿ ಎರಡು ದಿನ ತನ್ನಷ್ಟಕ್ಕೆ ಹೊಗೆಯಾಡಿ ಆರಿದ ಉಮಿಗುಡ್ಡೆಯ ಬೂದಿಯನ್ನು ಇದ್ದ ಹಾಗೇ ಕಳಿಸು ಎಂದು ಹೇಳಿ ಹೋದಳು. ಇದ್ದ ಹಾಗೇ! ಆ ಬೂದಿಯಲ್ಲಿ ನಡುನಡುವೆ ಕರಿಚುಕ್ಕೆ. ಪಾತ್ರೆ ತಿಕ್ಕುವುದಕ್ಕೆ ಸರಿ, ಓದಿದವರ ಮುಂದೆ ಇಡುವುದಕ್ಕೆ ಮಾನ ಬೇಡವೇ? ಬೂದಿ ಎಂದರೆ ಬೆಳ್ಳಗಿರಬೇಕು, ಹಣೆಗೆ ಹಚ್ಚಿದರೆ ಎದ್ದು ಕಾಣಬೇಕು. ವಿಭೂತಿ ಉಂಡೆಯನ್ನು ಎರಡನೇ ಸಲ ಸುಟ್ಟು ಬೆಳ್ಳಗೆ ಮಾಡುವುದನ್ನು ಕಂಡವಳು ಜಂಬವ್ವ. ಹಾಗೇ ಇದನ್ನೂ ಬಾಯ್ಲರ್‌ನ ನಡುವುರಿಗೆ ಒಡ್ಡಿ, ಹಾಲಿನಂತೆ ಬೆಳ್ಳಗಾದ ಮೇಲೆ ಡಬ್ಬಿ ತುಂಬಿ ಕಳಿಸಿದಳು. ಯಾರಿಗೂ ಹೇಳಲಿಲ್ಲ.

ತಿಂಗಳ ಮೇಲೆ ಗಂಗಾಂಬಿಕಾ ಊರಿಗೆ ಬಂದಳು, ಮುಖ ಸಪ್ಪಗೆ. ಬಿಲ್ಲೆಯಲ್ಲಿ ಶಾಖ ಸೀದಾ ದಾಟಿ ಹೋಗುತ್ತಿತ್ತು. ಇನ್ನೊಂದು ಸಲ ಹೀಗಾದರೆ ಉಮಿಯ ಕೆಲಸವನ್ನೇ ಕೈಬಿಡಬೇಕು ಎಂದು ಅವಳ ಗೈಡ್ ಲಿಂಗರಾಜ್ ಹೇಳಿದ್ದರಂತೆ.

"ಎರಡು ವರ್ಷದ ದುಡಿಮೆ ನೀರುಪಾಲು. ನಮ್ಮ ಕಂಪ್ಲಿ ಉಮಿನ ಸರಿಯಿಲ್ಲ ಕಾಣ್ತೈತಿ."

ಜಂಬವ್ವನಿಗೆ ತಾನು ಸುಟ್ಟು ತುಂಬಿದ ಬಿಳಿ ಬೂದಿಯ ಡಬ್ಬಿ ನೆನಪಾಯಿತು. ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಹುಡುಗಿಯ ಓದು. ಮಾರನೆಯ ಬೆಳಿಗ್ಗೆ ರಜೆ ಹಾಕಿ, ಮೂಲೆಗುಡ್ಡೆಯ ಬೂದಿಯನ್ನು ಚೀಲಕ್ಕೆ ತುಂಬಿಕೊಂಡು, ಯಾಕೆಂದು ಹೇಳದೆ ಹುಡುಗಿಯ ಜೊತೆ ಹೊಸಪೇಟೆಯಲ್ಲಿ ಬಸ್ ಬದಲಿಸಿ ಸಂಡೂರಿಗೆ ಹೋದಳು.

"ತಪ್ಪು ಉಮಿದಲ್ಲರಿ, ನಂದು," ಎಂದು ಲಿಂಗರಾಜ್ ಎದುರು ಒಂದೇ ಉಸಿರಿಗೆ ಹೇಳಿದಳು. "ಚಂದ ಕಾಣ್ಲಿ ಅಂತ ಇನ್ನೊಂದ್ ಸಲ ಸುಟ್ಟೆ."

ಗಂಗಾಂಬಿಕಾ ಹಣೆ ಚಚ್ಚಿಕೊಂಡಳು. ಲಿಂಗರಾಜ್ ಮಾತ್ರ ನಗತೊಡಗಿದರು. ಜೋರು ಉರಿಗೆ ಆ ಸಣ್ಣ ತೂತುಗಳೆಲ್ಲ ಮುಚ್ಚಿಕೊಂಡು ಶಾಖಕ್ಕೆ ಹೆದ್ದಾರಿಯೇ ಆಗಿದೆ ಎಂದರು.

ಚೀಲದ ಬೂದಿಯಿಂದ ಹೊಸ ಬಿಲ್ಲೆ ಆಗಲು ಮೂರು ವಾರ ಬೇಕಾಯಿತು. ನೋಡಲು ಜಂಬವ್ವ ಮತ್ತೆ ಹೋದಳು. ಕೆಳಗಿನ ಮೈ ಕಾದರೂ ಮೇಲಿನದು ತಣ್ಣಗೇ ಉಳಿಯಿತು, ಮೀಟರಿನ ಮುಳ್ಳು ಎದ್ದಿತು. ಗಂಗಾಂಬಿಕಾ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಜಂಬವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಲಿಂಗರಾಜ್ ಪೆನ್ನು ತೆಗೆದರು. "ಈ ಬೂದಿ ಮಾಡೋ ವಿಧಾನ ಬರೀಬೇಕು. ಹೇಳ್ರಿ, ಏನೇನ್ ಮಾಡ್ಬೇಕು?"

"ಗುಡ್ಡಿಗೆ ಕಿಡಿ ಹಚ್ಚಿ, ಕೈಕಟ್ಟಿ ಕುಂದ್ರಬೇಕ್ರಿ," ಎಂದಳು ಜಂಬವ್ವ. "ಅದ ಭಾಳ ಕಷ್ಟದ ಕೆಲಸ ಅಂತ ಬರ್ಕೊಳ್ರಿ. ಇಷ್ಟು ವಯಸ್ಸಾತು, ನನಗ ಇನ್ನೂ ಬಂದಿಲ್ಲ."