ಏಳನೇ ಹಲ್ಲಿನ ಸಂದು

ನನ್ನ ಗಂಡನ ಅಕ್ಕ ತೂದಾ ಕಂಬಳಿ ನೇಯುತ್ತಾಳೆ. ನೇಯುವುದಕ್ಕಿಂತ ಹೆಚ್ಚು ಊರೂರು ಸುತ್ತುತ್ತಾಳೆ. ಎರಡು ವಾರ ಮನೆಯಲ್ಲಿದ್ದರೆ ಮೂರನೇ ವಾರಕ್ಕೆ ಆರು ಜನರನ್ನು ತುರುಕುವ ಹಳೇ ಟ್ಯಾಕ್ಸಿ ಹತ್ತಿ ಅಟ್ಲಾಸ್ ಬೆಟ್ಟಗಳ ಯಾವುದೋ ಕಣಿವೆಗೆ ಹೋಗಿರುತ್ತಾಳೆ. ಅಲ್ಲಿ ನೇಯುವ ಹೆಂಗಸಿನ ಪಕ್ಕ, ಮಗ್ಗದ ಮುಂದಿನ ಅದೇ ಹಲಗೆಯ ಮೇಲೆ ಮೂರು ದಿನ ಕೂತು, ಅವಳ ಜೊತೆ ನೇಯ್ದು ಬರುತ್ತಾಳೆ.

“ಫೋಟೋ ತೆಗೊಂಡು ಬಂದರೆ ಸಾಲದಾ ತೂದಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಫೋಟೋ ನೋಡಿ ನೇಯ್ದರೆ ಫೋಟೋನೇ ಬರುತ್ತೆ ಕಣೇ.”

ರಾಜಧಾನಿ ರಬಾತಿನ ಪ್ರದರ್ಶನಕ್ಕೆಂದು ಅವಳು ಗೋಡೆಯುದ್ದದ ಒಂದು ಬಟ್ಟೆ ಶುರುಮಾಡಿದ್ದಳು. ಅದರಲ್ಲಿ ಒಂದೊಂದು ಊರಿಗೆ ಒಂದೊಂದು ಗೇಣು. ಒಂದು ಊರಿನಿಂದ ಮಂಜಿಷ್ಠದ ಕೆಂಪು ಬಂದಿತ್ತು, ಇನ್ನೊಂದರಿಂದ ದಾಳಿಂಬೆ ಸಿಪ್ಪೆಯ ಹಳದಿ. ಡೇರೆಯಲ್ಲಿ ಬಾಳುವ ಅಲೆಮಾರಿಗಳ ಮೇಕೆಕೂದಲಿನ ಕರಿಪಟ್ಟಿ, ಸೆಫ್ರೂ ಊರಿನ ಹೆಂಗಸರು ರೇಷ್ಮೆದಾರ ಸುತ್ತಿ ಮಾಡುವ ಗುಂಡಿಗಳ ಗಂಟು. ಬೇರೆಯವರ ಕೈಯನ್ನು ಸಾಲ ತಂದ ಹಾಗೆ ಕಾಣುತ್ತಿರಲಿಲ್ಲ. ಎಲ್ಲ ಸೇರಿ ಅವಳದೇ ಕೈ ಆಗಿತ್ತು.

ನಾನು ಫೆಜ್‌ ನಗರದಲ್ಲಿ ಓದಿದವಳು. ಮದುವೆಯಾಗಿ ಈ ಬೆಟ್ಟದ ಪೇಟೆಗೆ ಬಂದ ಹೊಸದರಲ್ಲಿ, ಮಗ್ಗದ ಮೇಲಿನ ಕಂಬಳಿಗೆ ಜೀವವಿದೆ ಎಂದು ತೂದಕ್ಕ ಹೇಳಿದಾಗ ನಕ್ಕಿದ್ದೆ. ಹಾಸು ಕಟ್ಟಿದ ದಿನ ಅದು ಹುಟ್ಟುತ್ತದೆ, ನೇಯ್ದಂತೆ ಬೆಳೆಯುತ್ತದೆ, ಮುಗಿದ ದಿನ ಸಾಯುತ್ತದೆ. ಅದಕ್ಕೇ ಕತ್ತರಿಸುವ ಮೊದಲು, ಸಾಯುವವರ ಬಾಯಿಗೆ ನೀರು ಬಿಡುವ ಹಾಗೆ, ಹಾಸಿನ ಎಳೆಗಳಿಗೆ ನೀರು ಚಿಮುಕಿಸಿ, ದೇವರೊಬ್ಬನೇ ಎನ್ನುವ ಕಲಿಮಾ ಹೇಳುತ್ತಾರೆ. ಅರ್ಧ ನೇಯ್ದದ್ದನ್ನು ಇಲ್ಲಿ ಯಾರೂ ಕತ್ತರಿಸುವುದಿಲ್ಲ.

ಹೋದ ನವೆಂಬರಿನಲ್ಲಿ ತೂದಕ್ಕ ಅಂಥದೊಂದನ್ನು ಕತ್ತರಿಸಿ ತಂದಳು. ಆಗ ನಮಗೆ ಹೇಳಲಿಲ್ಲ. ಸುರುಳಿ ಸುತ್ತಿದ ಕಂಬಳಿಯೊಂದನ್ನು ಮಗ್ಗದ ಕೋಣೆಯ ಮೂಲೆಗಿಟ್ಟು, “ರಬಾತಿನ ಬಟ್ಟೆಯ ನಟ್ಟನಡುವೆ ಇದನ್ನ ಹೊಲೀತೀನಿ” ಎಂದಳಷ್ಟೆ.

ಮೂರನೇ ದಿನ, ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಮುಗಿದ ಮೇಲೆ, ಮಗಳು ತಿಝಿರಿಗೆ ಹಾಲು ಕುಡಿಸುತ್ತಿದ್ದೆ. ಆರು ತಿಂಗಳ ಕೂಸು. ಕುಡಿಯುವುದನ್ನು ನಿಲ್ಲಿಸಿ ಬಾಗಿಲ ಕಡೆ ತಿರುಗಿತು. ಆಗ ನನಗೂ ಕೇಳಿಸಿತು. ದಡ್, ದಡ್, ದಡ್. ಹೊಕ್ಕು ಕೂರಿಸಲು ಕಬ್ಬಿಣದ ಹಣಿಗೆ ಬಡಿಯುವ ಸದ್ದು. ತೂದಕ್ಕ ಅಂಗಳದಲ್ಲಿ ಉಣ್ಣೆ ತೊಳೆಯುತ್ತಿದ್ದಳು. ಮಗ್ಗದ ಕೋಣೆಯಲ್ಲಿ ಯಾರೂ ಇರಲಿಲ್ಲ.

ಇಲಿ ಇರಬೇಕೆಂದು ಬೋನಿಟ್ಟೆ. ಪಕ್ಕದ ಮನೆಯವರು ಮಸಾಲೆ ಕುಟ್ಟುತ್ತಿರಬಹುದೆಂದು ಹೋಗಿ ನೋಡಿದೆ, ಬೀಗ ಹಾಕಿತ್ತು. ಸದ್ದು ದಿನಾ ಅದೇ ಹೊತ್ತಿಗೆ ಬರುತ್ತಿತ್ತು, ಮಗು ದಿನಾ ಅದೇ ಹೊತ್ತಿಗೆ ಮೊಲೆ ಬಿಡುತ್ತಿತ್ತು. ನಾನು ಅದರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ, ದಿನಕ್ಕೆ ಮೂರು ಸಲ ತೂಕ ನೋಡುತ್ತಿದ್ದೆ.

ತೂದಕ್ಕನ ಕಷ್ಟ ಬೇರೆಯಾಗಿತ್ತು. ಬೆಳಿಗ್ಗೆ ಅವಳು ತನ್ನ ಗೆರೆ ಶುರುಮಾಡುತ್ತಿದ್ದಳು, ಮಧ್ಯಾಹ್ನ ಮಗ್ಗ ಬಿಟ್ಟು ಎದ್ದು ನೋಡಿದರೆ ಅವಳೇ ನೇಯ್ದದ್ದು ಗರಗಸದ ಹಲ್ಲಿನಂಥ ಸಾಲು. ಆ ಸಾಲಿನ ಏಳನೇ ಹಲ್ಲಿನಲ್ಲಿ ಬೆಳಕು ನುಸುಳುವಷ್ಟು ಸಂದು. ಬಿಚ್ಚಿ ಮತ್ತೆ ನೇಯ್ದರೂ ಅದೇ. ಒಂದು ದಿನ ಮೂಲೆಯ ಸುರುಳಿ ಬಿಚ್ಚಿ ನನಗೆ ತೋರಿಸಿದಳು. ಉದ್ದಕ್ಕೂ ಅವೇ ಹಲ್ಲುಗಳಿದ್ದವು. ಪ್ರತಿ ಏಳನೆಯದರಲ್ಲೂ ಸಂದಿತ್ತು.

“ಇದು ನನ್ನ ಕೈಯಲ್ಲ” ಎಂದಳು. “ನನ್ನ ಕೈ ಎಲ್ಲಿ ಹೋಯ್ತೋ ಗೊತ್ತಿಲ್ಲ. ಹೀಗೇ ಆದರೆ ನಾನಿನ್ನು ನೇಯೋ ಹಾಗಿಲ್ಲ.”

ಆವತ್ತು ಎಲ್ಲ ಹೇಳಿದಳು. ಕಂಬಳಿ ತಿಮ್ಲಿಲ್ ಎಂಬ ಮೇಲಿನ ಹಳ್ಳಿಯ ಇಜ್ಜಾ ಎಂಬ ಮುದುಕಿಯದು. ಅರ್ಧ ನೇಯ್ದು ಅವಳು ತೀರಿಕೊಂಡು ಎರಡು ವರ್ಷ. ಸೊಸೆ ಫಾದ್ಮಾ ಜಾಗ ಬೇಕೆಂದು, ತೆಗೊಂಡು ಹೋಗು ಎಂದಿದ್ದಳು. ಹಿಮ ಬೀಳುವಂತಿತ್ತು, ಟ್ಯಾಕ್ಸಿಯವನು ಹಾರನ್ ಬಾರಿಸುತ್ತಿದ್ದ. ತೂದಕ್ಕ ಕತ್ತರಿ ಹಾಕಿದಳು. ನೀರಿಲ್ಲ, ಕಲಿಮಾ ಇಲ್ಲ.

“ಚೆನ್ನಾಗಿತ್ತು, ಬೇಕು ಅನ್ನಿಸಿತು” ಎಂದಳು. “ಬೇರೆ ಎಲ್ಲಾ ಕಡೆ ಪಕ್ಕದಲ್ಲಿ ಕೂತು ಕಲಿತಿದ್ದೆ. ಇದೊಂದನ್ನ ಹಾಗೇ ಎತ್ಕೊಂಡು ಬಂದೆ.”

“ವಾಪಸ್ ಕೊಟ್ಟುಬಿಡೋಣ” ಎಂದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಸುರುಳಿ ನನ್ನ ಮಗಳಿರುವ ಮನೆಯಲ್ಲಿ ಇರಬಾರದು. ಆದರೆ ತೂದಕ್ಕನನ್ನು ಒಬ್ಬಳನ್ನೇ ಕಳಿಸಲೂ ಹೆದರಿಕೆ, ಮಗುವನ್ನು ಸದ್ದು ಕೇಳುವ ನಮ್ಮ ಮನೆಯಲ್ಲಿ ಬಿಡಲೂ ಹೆದರಿಕೆ. ಮಾರ್ಚಿನಲ್ಲಿ ಹಿಮ ಕರಗಿ ದಾರಿ ತೆರೆದ ಕೂಡಲೇ ಮೂವರೂ ಹೊರಟೆವು.

ತಿಮ್ಲಿಲ್‌ನಲ್ಲಿ ಫಾದ್ಮಾ ಬಾಗಿಲಲ್ಲೇ ನನ್ನ ಕಂಕುಳಲ್ಲಿದ್ದ ತಿಝಿರಿಯನ್ನು ನೋಡಿ ನಕ್ಕಳು. “ಈರುಳ್ಳಿ ಥರ ಸುತ್ತಿದೀಯಲ್ಲೇ, ಒಳಗೆ ಕೂಸಿದೆಯೋ ಬರೀ ಬಟ್ಟೆನೋ?”

ಸುರುಳಿ ಕಂಡದ್ದೇ ನಗು ನಿಂತಿತು. ಚಹಾ ಬಗ್ಗಿಸುತ್ತಾ ಕೇಳಿದಳು, “ನಿಮ್ಮಲ್ಲೂ ಬಡಿಯುತ್ತಾ?”

ತೂದಕ್ಕ ತಲೆಯಾಡಿಸಿದಳು.

“ಇಲ್ಲಿ ಎರಡು ವರ್ಷ ಬಡೀತು. ಅದಕ್ಕೇ ಕೊಟ್ಟೆ. ತಪ್ಪು ನಂದೂ ಇದೆ ತಾಯಿ.”

“ಆ ಏಳನೇ ಹಲ್ಲಲ್ಲಿ ಸಂದು ಯಾಕೆ ಬಿಡ್ತಿದ್ದರು?” ತೂದಕ್ಕ ಕೇಳಿದಳು.

“ಅತ್ತೆ ಎಲ್ಲಿ ಬಿಡ್ತಿದ್ದರು! ಬಲಗೈ ತೋರುಬೆರಳೇ ಇರಲಿಲ್ಲ ಅವರಿಗೆ. ಚಿಕ್ಕವರಿದ್ದಾಗ ಕುಡುಗೋಲಿಗೆ ಹೋಗಿತ್ತು. ಏಳನೇ ಹಲ್ಲಿನ ಎಳೆ ಹಿಡಿಯೋಕೆ ಬೆರಳು ಸಾಲದೆ ಅದು ಜಾರುತ್ತಿತ್ತು. ಬೆರಳಿರೋರು ನೇಯ್ದರೆ ಹಾಗಾಗಲ್ಲ ಬಿಡು.”

ತೂದಕ್ಕ ಚಹಾದ ಲೋಟ ಕೆಳಗಿಟ್ಟಳು. ಐದೂ ಬೆರಳಿರುವ ಬಲಗೈಯನ್ನು ನಿಧಾನಕ್ಕೆ ಶಾಲಿನೊಳಗೆ ಎಳೆದುಕೊಂಡಳು. ಐದು ತಿಂಗಳಿಂದ ಅವಳು ಬಿಚ್ಚಿ ಬಿಚ್ಚಿ ನೇಯ್ದ ಆ ಸಂದುಗಳು ನನ್ನ ಕಣ್ಣ ಮುಂದೆ ಬಂದವು. ನಾನು ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಕೊಟ್ಟು ಹೋಗಲು ಬಂದಿದ್ದೆವು, ತೂದಕ್ಕ ಮುಗಿಸಿಯೇ ಹೋಗುತ್ತೇನೆ ಎಂದಳು. ಇಜ್ಜಾಳ ಮಗ್ಗದ ಒಂದು ತೊಲೆಗೆ ಮೇಕೆ ಕಟ್ಟಿದ್ದರು. ಮೇಕೆ ಬಿಚ್ಚಿ, ತೊಲೆ ತೊಳೆದು, ಮಗ್ಗವನ್ನು ಮತ್ತೆ ನಿಲ್ಲಿಸಿದರು. ಕತ್ತರಿಸಿದ ಪ್ರತಿ ಎಳೆಗೂ ಹೊಸ ಎಳೆ ಗಂಟುಹಾಕಿ ಹಾಸು ಕಟ್ಟಲು ಎರಡು ದಿನ ಹಿಡಿಯಿತು. ಮೂರನೇ ದಿನ ತೂದಕ್ಕ ಬಲಗೈಯ ತೋರುಬೆರಳನ್ನು ಮಡಚಿ ಅಂಗೈಗೆ ಒತ್ತಿ, “ಇದನ್ನ ಬಟ್ಟೆಯಿಂದ ಕಟ್ಟು” ಎಂದು ನನಗೆ ಹೇಳಿದಳು.

“ಯಾಕಕ್ಕ?”

“ಇಷ್ಟು ದಿನ ಇಜ್ಜಾ ನನ್ನ ಕೈಲಿ ನೇಯ್ದಳು. ಈಗ ನಾನೇ ಅವಳ ಪಕ್ಕದಲ್ಲಿ ಕೂತು ಕಲೀಬೇಕು.”

ಹಲಗೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಆ ಜಾಗದಲ್ಲಿ ಫಾದ್ಮಾ ಕೂಡ ಕೂರಲಿಲ್ಲ.

ಆರನೇ ದಿನ ತಿಝಿರಿಗೆ ಜ್ವರ ಬಂತು. “ಈಗಲೇ ಕೆಳಗೆ ಹೋಗೋಣ, ಇದು ಆ ಮುದುಕಿಯದೇ ಕಾಟ” ಎಂದು ಕೂಗಾಡಿದೆ. ತೂದಕ್ಕ ನೇಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು. “ಹೋಗು. ನಾನು ಬಂದರೆ ಇದು ಮತ್ತೆ ಅರ್ಧ ಆಗುತ್ತೆ.”

ಫಾದ್ಮಾ ಕೈ ತೊಳೆದು ಬಂದು ಮಗುವಿನ ಬಾಯಿಗೆ ಬೆರಳಿಟ್ಟಳು. “ಹಲ್ಲು ಕಣೇ ಹುಚ್ಚಿ! ಕಾಟ ಅಂತೆ ಕಾಟ. ಓದಿಸಿದವರು ಇದೊಂದು ಹೇಳಿಕೊಡಲಿಲ್ವಾ?”

ನಾನು ಉಳಿದೆ. ಹನ್ನೊಂದನೇ ದಿನ ಅಸರ್ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಫಾದ್ಮಾ ಬಟ್ಟಲಲ್ಲಿ ನೀರು ತಂದಳು. ತೂದಕ್ಕ ಎಳೆಗಳಿಗೆ ನೀರು ಚಿಮುಕಿಸಿ ಕಲಿಮಾ ಹೇಳಿದಳು. ಅವಳ ಜೊತೆ ನಾನೂ ಹೇಳುತ್ತಿದ್ದೆ ಎಂದು ಮುಗಿದ ಮೇಲೆ ಗೊತ್ತಾಯಿತು. ಕತ್ತರಿ ಹಾಕಿದಾಗ ಕಂಬಳಿ ಸದ್ದಿಲ್ಲದೆ ಕುಸಿಯಿತು. ಅದು ಆ ಮನೆಯಲ್ಲೇ ಉಳಿಯಿತು.

ಮನೆಗೆ ಬಂದ ಮರುದಿನ ತೂದಕ್ಕ ತನ್ನ ಮಗ್ಗಕ್ಕೆ ಕೂತಳು. ಬೇಕಂತಲೇ ಗರಗಸದ ಸಾಲು ನೇಯ್ದು, “ನೀನು ಎಣಿಸು, ನನಗೆ ಧೈರ್ಯವಿಲ್ಲ” ಎಂದಳು. ಬೆರಳಿಟ್ಟು ಎಣಿಸಿದೆ. ಏಳನೆಯದು ತುಂಬಿತ್ತು. ಹದಿನಾಲ್ಕನೆಯದೂ ತುಂಬಿತ್ತು. ಹೇಳಿದಾಗ ಅವಳು ಹಣಿಗೆ ಕೆಳಗಿಟ್ಟು ಮುಖ ಮುಚ್ಚಿಕೊಂಡಳು.

ರಬಾತಿಗೆ ಹೋದ ಬಟ್ಟೆಯ ನಟ್ಟನಡುವೆ ಒಂದು ಗೇಣು ಹೊಕ್ಕಿಲ್ಲದ ಬರೀ ಹಾಸಿದೆ. ಇದು ಮುಗಿದಿಲ್ಲವಾ ಎಂದು ಬಹಳ ಜನ ಕೇಳಿದರಂತೆ. “ಅದು ನನ್ನದಲ್ಲದ ಜಾಗ” ಎಂದಳಂತೆ.

ಸದ್ದು ಮತ್ತೆ ಬಂದಿಲ್ಲ. ಅಸರ್ ಬಾಂಗು ಮುಗಿದಾಗ ತಿಝಿರಿ ಮಾತ್ರ ಈಗಲೂ ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ. ಈಗ ಕಂಬಳಿ ಮುಗಿದಾಗೆಲ್ಲ, ತೂದಕ್ಕ ಕತ್ತರಿ ಹುಡುಕುವ ಮೊದಲೇ ನಾನು ಮಗ್ಗದ ಬಳಿ ಬಟ್ಟಲಲ್ಲಿ ನೀರಿಟ್ಟಿರುತ್ತೇನೆ. ಅವಳು ಅದನ್ನು ಬಲಗೈಯಲ್ಲಿ ಎತ್ತಿಕೊಳ್ಳುತ್ತಾಳೆ. ಕಟ್ಟು ಬಿಚ್ಚಿ ನಾಲ್ಕು ತಿಂಗಳಾಯಿತು, ಆ ತೋರುಬೆರಳು ಇನ್ನೂ ಪೂರ್ತಿ ನೆಟ್ಟಗಾಗಿಲ್ಲ.